ಸವಿಯುವುದು, ಸವೆಯುವುದು

ಇದ್ದುದರಲ್ಲಿ ಸುಖವಾಗಿರಬೇಕೆಂದು ಮೊದಲು ಹೇಳಿದ ಮಹಾನುಭಾವನು ಯಾರೋ ತಿಳಿಯದು. ಆತನ ಮನೆಯಲ್ಲಿ ಹಾಡುವ ಪೆಟ್ಟಿಗೆ ಇರಲಿಲ್ಲವೆಂಬುದು ಮಾತ್ರ ನಿಶ್ಚಯ. ಉಳಿದ ವಸ್ತುಗಳ ಮಾತು ಬೇರೆ. ಕೊಡೆ ಮಳೆಯನ್ನು ತಡೆದರೆ ಸಾಕು. ಕುರ್ಚಿ ಕುಳಿತವನನ್ನು ಹೊತ್ತರೆ ಸಾಕು. ನೆರೆಮನೆಯವರ ಕೊಡೆ ನಮ್ಮದಕ್ಕಿಂತ ಚೆನ್ನಾಗಿ ಮಳೆ ತಡೆಯುತ್ತದೆಯೋ ಏನೋ ಎಂದು ಯಾರೂ ನಿದ್ದೆಗೆಡುವುದಿಲ್ಲ. ಹಾಡುವ ಪೆಟ್ಟಿಗೆಯ ರೀತಿ ಹಾಗಲ್ಲ. ಅದು ಎಷ್ಟು ಚೆನ್ನಾಗಿ ಹಾಡಿದರೂ, ಇದಕ್ಕಿಂತ ಚೆನ್ನಾಗಿ ಹಾಡುವುದೊಂದು ಎಲ್ಲಿಯೋ ಇದೆ ಎಂಬ ಸಂಶಯವನ್ನು ಹಾಡಿನ ಜೊತೆಗೇ ಕಿವಿಗೆ ಹಾಕಿಬಿಡುತ್ತದೆ.

ಈ ಸಂಶಯವು ಈ ವರ್ಷ ನಮ್ಮ ಮನೆಗೆ ಬಂತು. ಒಂಟಿಯಾಗಿ ಬರಲಿಲ್ಲ, ತುಟ್ಟಿಭತ್ಯೆಯ ಬಾಕಿಯನ್ನು ಕೈಹಿಡಿದುಕೊಂಡು ಬಂತು. ಬಾಕಿ 80,000 ರೂಪಾಯಿಗೆ ಸ್ವಲ್ಪ ಹೆಚ್ಚು. ಸಂಬಳದ ಹಣಕ್ಕೆ ಬರುವ ಮೊದಲೇ ದಾರಿ ಗೊತ್ತಿರುತ್ತದೆ. ಬಾಕಿಯ ಹಣಕ್ಕೆ ಹಾಗಿಲ್ಲ. ಅದು ಮನೆಯ ನಡುವೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತದೆ.

ನನ್ನ ಮುಖವನ್ನು ನೋಡಿದಾಗ ಅದಕ್ಕೆ ಕಂಡದ್ದು ಸಂಗೀತ. ನಮ್ಮ ತಂದೆ ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ನವಿಲುತೀರ್ಥದಲ್ಲಿ ಆಣೆಕಟ್ಟು ಮುಗಿದು ಮಲಪ್ರಭೆ ಹಿನ್ನೀರಾಗಿ ನಿಂತ ಹೊಸದರಲ್ಲಿ, ಅಂದರೆ 1970ರ ದಶಕದಲ್ಲಿ, ಅವರು ಒಂದು ರಿಕಾರ್ಡು ಹಚ್ಚುವ ಪೆಟ್ಟಿಗೆಯನ್ನು ಕೊಂಡರು. ಅದಕ್ಕೆ ನಾಲ್ಕು ವೇಗ: ನಿಮಿಷಕ್ಕೆ 16, 33, 45 ಮತ್ತು 78 ಸುತ್ತು. ನನಗೆ ನೌಕರಿ ಬಂದ ಮೇಲೆ ಹುಬ್ಬಳ್ಳಿಯಿಂದ ಒಂದು ಆಂಪ್ಲಿಫಾಯರನ್ನೂ ಎರಡು ಮರದ ಸ್ಪೀಕರುಗಳನ್ನೂ ತಂದು ಆ ಪೆಟ್ಟಿಗೆಗೆ ಜೋಡಿಸಿದೆ. ಅಪ್ಪನ ಬಾಯಿ, ಮಗನ ಕಂಠ. ಇದೇ ನಮ್ಮ ಮನೆಯ ಸ್ಟೀರಿಯೋ. ತಟ್ಟೆಗಳು ಒಟ್ಟು ನೂರಹತ್ತು: ಎಲ್.ಪಿ.ಗಳು ಎಪ್ಪತ್ತು, ಹಳೆಯ 78ರ ಕರಿಯ ತಟ್ಟೆಗಳು ನಲವತ್ತು. ತಂದೆ ತೀರಿಕೊಂಡು ಒಂಬತ್ತು ವರ್ಷವಾದರೂ ಅವರು ಬರೆದಿಟ್ಟ ಯಾದಿ ಈಗಲೂ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಕೊಂಡಿದೆ.

ಕೆಲವು ತಿಂಗಳಿಂದ ಈ ಪೆಟ್ಟಿಗೆಯ ದನಿ ಮಸಳಿಸಿತ್ತು. ತಾನು ಮೇಲಕ್ಕೆ ಹೋದಾಗ ಒಂದು ಬಗೆಯ ಕರಕರ. ತಟ್ಟೆಯ ಕೊನೆಯ ಭಾಗಕ್ಕೆ ಬಂದಾಗ ಗಾಯಕರಿಗೆ ನೆಗಡಿ. ಹೊಸದನ್ನು ಕೊಳ್ಳಬೇಕೋ, ಇದನ್ನೇ ತಿದ್ದಿಸಬೇಕೋ ಎಂಬ ಪ್ರಶ್ನೆಯನ್ನು ಹೊತ್ತು ನಾನು ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆ.

ಅಂಗಡಿಯವರು ಸಜ್ಜನರು. "ಸರ್, ಮೊದಲ ಕೇಳ್ರಿ, ಆಮ್ಯಾಲೆ ರೊಕ್ಕದ ಮಾತಾಡೂಣು" ಎಂದು ನನ್ನನ್ನು ಮೆತ್ತಗಿನ ಗೋಡೆಗಳ ಒಂದು ಕೋಣೆಯಲ್ಲಿ ಕೂಡಿಸಿದರು. ಮೊದಲು ಯಾವುದೋ ಪರದೇಶದ ವಾದ್ಯಮೇಳವನ್ನು ಹಚ್ಚಿದರು. ಗುಡುಗು, ಮಿಂಚು, ಗಾಜು ಒಡೆದ ಸದ್ದು, ಎಲ್ಲವೂ ಅದರಲ್ಲಿದ್ದುವು. ಅದು ಚೆನ್ನಾಗಿದೆಯೋ ಇಲ್ಲವೋ ಹೇಳಲು ನನಗೆ ಸಾಧನವಿರಲಿಲ್ಲ. ಅದರ ನಿಜವಾದ ದನಿಯನ್ನು ನಾನು ಎಂದೂ ಕೇಳಿದವನಲ್ಲ. ಯಂತ್ರವನ್ನು ಪರೀಕ್ಷಿಸಬೇಕಾದರೆ ನಮಗೆ ಬರಿಗಿವಿಯಿಂದ ಪರಿಚಯವಿರುವ ದನಿಯನ್ನೇ ಅದರ ಮುಂದಿಡಬೇಕು. ಸವದತ್ತಿಯವನಾದ ನನಗೆ ಅಂಥ ದನಿ ಚೌಡಕಿಯದು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ಅದನ್ನು ಬಲ್ಲರು: ಒಂದೇ ತಂತಿ, ಒಂದು ತೊಗಲು, ಅದರ ಮೇಲೆ ಜೋಗತಿಯ ಕಂಠ. ಅಂಗಡಿಯಲ್ಲಿ ಚೌಡಕಿಯ ತಟ್ಟೆ ಇರಲಿಲ್ಲ. ತಂಬೂರಿಯಾದರೂ ಕೇಳಿಸಲೆಂದು ಮಲ್ಲಿಕಾರ್ಜುನ ಮನ್ಸೂರರ ಎಲ್.ಪಿ.ಯನ್ನು ಹಚ್ಚಲು ಹೇಳಿದೆ. ಅದೇ ತಟ್ಟೆ ನಮ್ಮ ಮನೆಯಲ್ಲಿಯೂ ಇದೆ. ನೂರಾರು ಸಲ ಕೇಳಿದ್ದು.

ವಾಚಕರೇ, ನಾನು ಸುಳ್ಳು ಹೇಳಲಾರೆ. ನನಗೆ ರೋಮಾಂಚವಾಯಿತು. ತಂಬೂರಿಯ ತಂತಿಗಳು ಒಂದೊಂದಾಗಿ ಬಂದು ನಿಂತುವು. ಎರಡು ಆಲಾಪಗಳ ನಡುವೆ ಒಂದು ಸಣ್ಣ ಸದ್ದು ಕೇಳಿಸಿತು. ಏನೆಂದು ಲಕ್ಷ್ಯವಿಟ್ಟು ಕೇಳಿದರೆ, ಮನ್ಸೂರರು ಉಸಿರು ಎಳೆದುಕೊಳ್ಳುತ್ತಿದ್ದರು! ಅವರು 1992ರಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ಆ ಕೋಣೆಯಲ್ಲಿ ಅವರು ಉಸಿರಾಡುತ್ತಿದ್ದರು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಹಾಡಿದರೂ ಈ ಉಸಿರು ನನಗೆ ಕೇಳಿರಲಿಲ್ಲ.

ಅಂಗಡಿಯವರು ನನ್ನ ಮುಖವನ್ನು ನೋಡಿ ಕಾಗದ ತೆಗೆದುಕೊಂಡರು. ತಿರುಗುವ ಯಂತ್ರ, ಅದರ ಮುಳ್ಳು, ಆಂಪ್ಲಿಫಾಯರು, ಎರಡು ಸ್ಪೀಕರು; ಒಟ್ಟು 78,000 ರೂಪಾಯಿ. "ಇದು 78ರ ತಟ್ಟೆ ಹಾಡಸ್ತದೇನ್ರಿ?" ಎಂದೆ. "ಇಲ್ರಿ ಸರ್, 33 ಮತ್ತು 45 ಅಷ್ಟ" ಎಂದರು. ಯಂತ್ರದಲ್ಲಿ ಇಲ್ಲದ 78 ಬಿಲ್ಲಿನಲ್ಲಾದರೂ ಇತ್ತಲ್ಲ ಎಂದು ಸಮಾಧಾನ ಮಾಡಿಕೊಂಡು, ವಿಚಾರ ಮಾಡಿ ಹೇಳುತ್ತೇನೆಂದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ವಿಚಾರ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. 78 ಇಲ್ಲವೆಂದರೆ ನನ್ನ ನಲವತ್ತು ತಟ್ಟೆಗಳು ಮೂಕವಾದಂತೆ. ಮೂಕವಾಗುವವರಾದರೂ ಯಾರು? ಅವುಗಳಲ್ಲಿ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರಿದ್ದಾರೆ, ಅಬ್ದುಲ್ ಕರೀಮಖಾನರಿದ್ದಾರೆ, ಗಂಗೂಬಾಯಿ ಹಾನಗಲ್ಲರ ಒಂದು ತಟ್ಟೆ ಇದೆ. ಗಂಗೂಬಾಯಿಯವರ ಮೂಲ ಹೆಸರು ಗಾಂಧಾರಿ. 1930ರ ದಶಕದ ಅವರ ಮೊದಲ ತಟ್ಟೆಗಳ ಮೇಲೆ ಅದೇ ಹೆಸರು ಅಚ್ಚಾಗಿತ್ತು. ನಾವೆಲ್ಲ ಬಲ್ಲ ಅವರ ದನಿ ಗಂಡುದನಿಯಂಥ ಗಂಭೀರವಾದದ್ದು. ಆದರೆ ಅದು ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಬಂದ ದನಿ. ಅದಕ್ಕೆ ಮೊದಲಿನ ತೆಳುವಾದ, ಏರಿ ಹೋಗುವ ಹೆಣ್ಣುದನಿ ಇರುವುದು ಆ ಹಳೆಯ ತಟ್ಟೆಗಳಲ್ಲಿ. ಹಾಡಿದವರ ಕೊರಳಿನಲ್ಲಿಯೇ ಉಳಿಯದೆ ಹೋದದ್ದು ಅರಗಿನ ಗೆರೆಯಲ್ಲಿ ಉಳಿದಿದೆ.

ಅರಗು ಎಂದೆ. ಈ 78ರ ತಟ್ಟೆಗಳನ್ನು ಮಾಡುತ್ತಿದ್ದದ್ದು ಅರಗಿನಿಂದಲೇ. ಅರಗು, ಕಲ್ಲಿನ ಪುಡಿ, ಕಾಡಿಗೆ, ಇವುಗಳ ಮಿಶ್ರಣ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಪಂಪನ ಭಾರತದಲ್ಲಿ ಪಾಂಡವರಿಗಾಗಿ ಕಟ್ಟಿಸಿದ ಮನೆಯೂ ಅರಗಿನದೇ. ದುರ್ಯೋಧನನು ಅರಗಿನಲ್ಲಿ ಬೆಂಕಿಯನ್ನಷ್ಟೇ ಕಂಡ. ಅದರಲ್ಲಿ ಸಂಗೀತವೂ ಇದೆಯೆಂದು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ನಮ್ಮ ದೇಶದಲ್ಲಿ ಗ್ರಾಮೋಫೋನ್ ಕಂಪನಿಯವರು ಮೊದಲು ಮುದ್ರಿಸಿಕೊಂಡದ್ದು 1902ರಲ್ಲಿ, ಕಲಕತ್ತೆಯಲ್ಲಿ. ಅಂದು ಹಾಡಿದವರಲ್ಲಿ ಗೌಹರ್ ಜಾನ್ ಮುಖ್ಯಳು. 1930ರಲ್ಲಿ ಆಕೆ ಕಣ್ಣುಮುಚ್ಚಿದ್ದು ನಮ್ಮ ಮೈಸೂರಿನಲ್ಲಿ. ಆಗ ಅಚ್ಚು ಹಾಕುವ ಕಾರಖಾನೆ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿದವರು ಕೊನೆಗೆ ತಮ್ಮ ಹೆಸರನ್ನು ಕೂಗಿ ಹೇಳಬೇಕಾಗಿತ್ತು. ವಚನಕಾರರ ಅಂಕಿತದಂತೆ ಇದೂ ಒಂದು ಅಂಕಿತ. 1908ರಲ್ಲಿ ಕಲಕತ್ತೆಯಲ್ಲಿಯೇ ಕಾರಖಾನೆ ಆದ ಮೇಲೆ ಆ ಕಾರಣ ಇಲ್ಲವಾಯಿತು.

ಹತ್ತು ಅಂಗುಲದ 78ರ ತಟ್ಟೆಯ ಒಂದು ಬದಿಗೆ ಮೂರು ನಿಮಿಷ, ಬಹಳವಾದರೆ ಮೂರೂವರೆ. ರಾತ್ರಿಯೆಲ್ಲ ಹಾಡುವ ಉಸ್ತಾದರು ಮೂರು ನಿಮಿಷದಲ್ಲಿ ರಾಗವನ್ನು ತೋರಿಸಿ, ಏರಿಸಿ, ಇಳಿಸಿ, ಮುಗಿಸಬೇಕಾಗಿತ್ತು. 1948ರಲ್ಲಿ ಅಮೇರಿಕೆಯಲ್ಲಿ ಎಲ್.ಪಿ. ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ದೊರೆಯಿತು. 1958ರ ಹೊತ್ತಿಗೆ ಸ್ಟೀರಿಯೋ ತಟ್ಟೆಗಳು ಪೇಟೆಗೆ ಬಂದುವು. ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ದನಿ. ಎಲ್ಲವೂ ಸುಧಾರಣೆಯೇ. ಆದರೆ ಗದುಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಮಖಾನರ ಝಿಂಝೋಟಿಯ ಠುಮರಿಗೆ ಮರುಳಾದದ್ದು ಮೂರು ನಿಮಿಷದ ಅರಗಿನ ತಟ್ಟೆಯಿಂದಲೇ. 1933ರಲ್ಲಿ, ಹನ್ನೊಂದು ವರ್ಷದವನಿರುವಾಗ, ಆತನು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಅಂದಿನ ಯಂತ್ರಕ್ಕೆ ಕೈಯಿಂದ ಕೀಲಿ ಕೊಡಬೇಕು. ಬದಿಗೊಂದರಂತೆ ಉಕ್ಕಿನ ಮುಳ್ಳನ್ನು ಬದಲಿಸಬೇಕು. ಅದರಲ್ಲಿ ಖಾನಸಾಹೇಬರ ಉಸಿರು ಖಂಡಿತ ಕೇಳಿಸಿರಲಾರದು. ಉಸಿರು ಕೇಳಿಸದಿದ್ದರೂ ಕೇಳಬೇಕಾದದ್ದು ಕೇಳಿಸಿತು.

ಹೀಗೆ ಒಂದು ಮನಸ್ಸು "ಇದ್ದುದೇ ಸಾಕು" ಎನ್ನುವಾಗ ಇನ್ನೊಂದು ಮನಸ್ಸು "ಆ ಉಸಿರು?" ಎನ್ನುತ್ತಿತ್ತು. ಇದನ್ನು ತೀರ್ಮಾನಿಸಲು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಗೆಳೆಯರನ್ನು ಮನೆಗೆ ಕರೆದೆ. ಅವರು ಹಾಡನ್ನು ಕೇಳಲೇ ಇಲ್ಲ. ಮೊದಲು ಪೆಟ್ಟಿಗೆಯ ಮುಳ್ಳನ್ನು ಕಿತ್ತು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ಕೋಣೆಯ ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿ, ತಲೆದೂಗಿ, ಚಹ ಕುಡಿದು ಹೋದರು. ಚಪ್ಪಾಳೆ ಚಹಕ್ಕೆ ಸಂಬಂಧಿಸಿದ್ದೆಂದು ನನ್ನ ಮಗಳು ತಿಳಿದಳು.

ಮರುದಿನ ಕಾಲೇಜಿನಲ್ಲಿ ಅವರು ನನ್ನನ್ನು ಸಸ್ಯಶಾಸ್ತ್ರದವರ ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು. "ನೋಡ್ರಿ ಸರ್ರ, ಇದು ಮುಳ್ಳಲ್ಲ, ಉಳಿ" ಎಂದರು. ನೋಡಿದೆ. ಗುಂಡಾಗಿರಬೇಕಾದ ತುದಿ ಎರಡು ಕಡೆ ಚಪ್ಪಟೆಯಾಗಿ ನಡುವೆ ಅಂಚು ಎದ್ದಿತ್ತು. ಅವರು ವಿವರಿಸಿದರು: ನೀಲಮಣಿಯ ಮುಳ್ಳು ಬಾಳುವುದು ಕೆಲವೇ ಹತ್ತು ಗಂಟೆ, ವಜ್ರದ್ದಾದರೆ 500ರಿಂದ 1000 ಗಂಟೆ. ಆಮೇಲೆ ಅದು ಗೆರೆಯನ್ನು ಓದುವುದಿಲ್ಲ, ಕೆತ್ತುತ್ತದೆ. ಹಳೆಯ ಪೆಟ್ಟಿಗೆಗಳ ತೋಳು ತಟ್ಟೆಯ ಮೇಲೆ ಐದು ಗ್ರಾಮಿಗೂ ಹೆಚ್ಚು ಭಾರ ಹಾಕುತ್ತದೆ. ಈಗಿನ ಒಳ್ಳೆಯ ಯಂತ್ರಗಳದು ಎರಡು ಗ್ರಾಮಿನ ಆಸುಪಾಸು. ಎಲ್.ಪಿ.ಯ ಮುಳ್ಳಿನ ತುದಿಗಿಂತ 78ರ ಮುಳ್ಳಿನ ತುದಿ ಮೂರು ಪಟ್ಟು ದಪ್ಪ; ಒಂದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಮುಳ್ಳಿನಲ್ಲಿ ಕಳೆದುಹೋದದ್ದನ್ನು ಎಷ್ಟು ಸಾವಿರದ ಸ್ಪೀಕರೂ ತಂದುಕೊಡಲಾರದು. ಬೀಜದಲ್ಲಿ ಕೆಟ್ಟದ್ದು ತೆನೆಯಲ್ಲಿ ಸರಿಹೋದೀತೇ?

ಅವರ ಮಾತಿನಿಂದ ನನ್ನ ಪ್ರಶ್ನೆಯ ರೂಪವೇ ಬದಲಾಯಿತು. ನಾನು ಅಷ್ಟು ದಿನ ವಿಚಾರಿಸುತ್ತಿದ್ದದ್ದು ನನಗೆ ಇನ್ನೂ ಎಷ್ಟು ಸುಖ ಸಿಕ್ಕೀತು ಎಂದು. ತಟ್ಟೆಗೆ ಎಷ್ಟು ನೋವಾಗುತ್ತದೆ ಎಂದು ಕೇಳಬೇಕಾಗಿತ್ತು. ಎಲ್.ಪಿ.ಯ ಒಂದು ಬದಿಗೆ ಮುಳ್ಳು ಸುಮಾರು 660 ಸುತ್ತು ಹಾಕುತ್ತದೆ. ಆ ಗೆರೆಯನ್ನು ಬಿಚ್ಚಿ ಹಾಸಿದರೆ 400 ಮೀಟರಿಗೂ ಹೆಚ್ಚು. ಗುಡ್ಡದ ಭಕ್ತರು ಹಾಕುವ ದೀಡ ನಮಸ್ಕಾರದಂತೆ ಅದು ನೆಲಕ್ಕೆ ಮೈಹಚ್ಚಿಯೇ ಅಷ್ಟು ದೂರ ಸಾಗಬೇಕು. ಸಾಗಿದಷ್ಟೂ ತಾನು ಸವೆಯುತ್ತದೆ, ನೆಲವನ್ನೂ ಸವೆಸುತ್ತದೆ. ನಮ್ಮ ಊರಿನ ಎರೆಮಣ್ಣಿನ ಧೂಳು ಗೆರೆಯಲ್ಲಿ ಕುಳಿತರಂತೂ ಕೇಳುವುದೇ ಬೇಡ. ಧೂಳನ್ನು ಒರೆಸಲು ಪೇಟೆಯಲ್ಲಿ ಸಿಗುವ ದ್ರಾವಣಗಳಲ್ಲಿ ಕೆಲವಕ್ಕೆ ಮದ್ಯಸಾರ ಬೆರೆಸಿರುತ್ತಾರೆ. ಎಲ್.ಪಿ.ಗೆ ಅದು ನಡೆದೀತು. ಅರಗು ಮದ್ಯಸಾರದಲ್ಲಿ ಕರಗಿಹೋಗುತ್ತದೆ. ಅಂದಮೇಲೆ 78ರ ತಟ್ಟೆಗಳಿಗೆ ಮದ್ಯಪಾನವು ಪೂರ್ಣ ನಿಷಿದ್ಧ.

ಕನ್ನಡ ಕಲಿಸುವವನಿಗೆ ಇದು ಹೊಸ ಕಷ್ಟವೇನಲ್ಲ. ನಮ್ಮ ಊರು ಒಂದು ಕಾಲಕ್ಕೆ ಸುಗಂಧವರ್ತಿ ಎನಿಸಿ ರಟ್ಟರ ರಾಜಧಾನಿಯಾಗಿತ್ತು. ಅವರ ಶಾಸನಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಕಲ್ಲನ್ನು ನೂರು ಜನ ಓದಿದರೂ ಒಂದು ಅಕ್ಷರ ಸವೆಯುವುದಿಲ್ಲ. ಓಲೆಗರಿಯ ಹಣೆಬರಹ ಬೇರೆ. ಕಟ್ಟನ್ನು ಬಿಚ್ಚಿದಾಗಲೊಮ್ಮೆ ಅಂಚು ಮುರಿಯುತ್ತದೆ, ದಾರದ ತೂತು ಹಿಗ್ಗುತ್ತದೆ. ಬಹಳ ಜನ ಓದಿದ ಕಾವ್ಯದ ಗರಿಗಳು ಬೇಗ ಹಾಳಾದುವು. ಹಾಗೆಂದು ನಮ್ಮ ಹಿರಿಯರು ಓದುವುದನ್ನು ಬಿಡಲಿಲ್ಲ. ಗರಿ ಹಾಳಾಗುವ ಮುಂಚೆ ಪ್ರತಿ ಮಾಡಿಸಿದರು. ಇಂದು ನಮ್ಮ ಕೈಗೆ ಪಂಪ, ರನ್ನರು ಸಿಕ್ಕಿದ್ದು ಬಚ್ಚಿಟ್ಟವರಿಂದಲ್ಲ, ಪ್ರತಿ ಮಾಡಿದವರಿಂದ. ತಟ್ಟೆಯು ಕಲ್ಲಿನಂತೆ ಕಂಡರೂ ಅದರ ಸ್ವಭಾವ ಓಲೆಗರಿಯದು.

ಈ ಹೊಸ ಜ್ಞಾನದಿಂದ ನನಗೆ ತಟ್ಟೆ ಹಚ್ಚುವುದಕ್ಕೇ ಹೆದರಿಕೆಯಾಯಿತು. ಹಳೆಯ ಮುಳ್ಳಂತೂ ಜೇಬಿನಲ್ಲಿತ್ತು; ಹೊಸದು ಬಂದ ಮೇಲೂ ಅಪರೂಪಕ್ಕೆ ಮಾತ್ರ ಹಚ್ಚಬೇಕೆಂದು ಮನೆಯಲ್ಲಿ ಸಾರಿದೆ. ಗಂಗೂಬಾಯಿಯವರ ತಟ್ಟೆಯನ್ನಂತೂ ಹಚ್ಚುವುದೇ ಬೇಡ ಎಂದೆ. ನಮ್ಮ ತಾಯಿಗೆ ಎಪ್ಪತ್ತಾರು ವರ್ಷ. ಕಿವಿ ಸ್ವಲ್ಪ ಮಂದ; ಸ್ಪೀಕರಿನ ಪಕ್ಕಕ್ಕೆ ಮಣೆ ಹಾಕಿಕೊಂಡು ಕೂಡ್ರುತ್ತಾಳೆ. ಆಕೆ ನನ್ನ ವ್ಯಾಖ್ಯಾನವನ್ನೆಲ್ಲ ಕೇಳಿ, "ತಮ್ಮಾ, ನಿಮ್ಮಪ್ಪ ಇದನ್ನ ಕೇಳಾಕ ತಂದಿದ್ರೋ, ಇಡಾಕ ತಂದಿದ್ರೋ?" ಎಂದಳು.

"ಕೇಳಾಕನ ತಂದಿದ್ರವ್ವಾ. ಆದ್ರ ಕೇಳಿದಷ್ಟೂ ಸವೀತದಲ್ಲ."

"ಸವೀಲಿ. ನಾನೂ ಸವದೇನಿ. ಮನ್ಯಾಗ ಇಟ್ಟು ಕೀಲಿ ಹಾಕೀಯೇನು?"

ಎಂ.ಎ. ಆದವನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದ ಮೇಲೆ ನಿಘಂಟು ತಾನಾಗಿ ತೆರೆದುಕೊಂಡಿತು. ಸವಿ ಎಂದರೆ ರುಚಿ ನೋಡು, ಸುಖಪಡು. ಸವೆ ಎಂದರೆ ಕ್ಷಯಿಸು, ಮುಗಿ. ಎರಡು ಧಾತುಗಳ ನಡುವೆ ಇರುವುದು ಒಂದೇ ಒಂದು ಸ್ವರದ ಅಂತರ. ನಮ್ಮ ಕಡೆಯ ಆಡುಮಾತಿನಲ್ಲಿ ಅಷ್ಟೂ ಉಳಿಯುವುದಿಲ್ಲ. ಸವೀತದ ಎಂದರೆ ಎರಡೂ ಆಗುತ್ತದೆ. ಸವಿಯದೆ ಇಟ್ಟದ್ದು ಸವೆಯುವುದಿಲ್ಲವೇನೋ ನಿಜ. ಆದರೆ ಯಾರೂ ಸವಿಯದೆ ಉಳಿದ ದನಿ ಉಳಿದಂತಾಯಿತೇ? ಹಾಗಾದರೆ ಪ್ರಶ್ನೆ ಇಷ್ಟೇ: ಹೆಚ್ಚು ಸವಿದು ಕಡಿಮೆ ಸವೆಸುವುದು ಹೇಗೆ? ಸುಧಾರಣೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಕಾಣಲಿಲ್ಲ. ಅಲ್ಲಿಂದ ಮುಂದೆ ಲೆಕ್ಕ ಸುಲಭವಾಯಿತು.

ತಟ್ಟೆಯನ್ನು ಮುಟ್ಟುವ ವಸ್ತುವಿಗೆ ಮೊದಲ ಹಕ್ಕು. ಎಲ್.ಪಿ.ಗಳಿಗಾಗಿ ಹಗುರ ತೋಳಿನ, ವಜ್ರದ ಮುಳ್ಳಿನ ಒಂದು ಸಾಧಾರಣ ತಿರುಗುಯಂತ್ರವನ್ನು 18,500 ರೂಪಾಯಿಗೆ ಕೊಳ್ಳುವುದೆಂದು ನಿಶ್ಚಯಿಸಿದೆ. ಇಂಥ ಮುಳ್ಳಿನಿಂದ ಹೊರಡುವ ವಿದ್ಯುತ್ತು ತೀರ ಕ್ಷೀಣವಾದದ್ದು, ಕೆಲವೇ ಮಿಲಿವೋಲ್ಟು. ಅದನ್ನು ಬೆಳೆಸಿ ಕೊಡುವ ಅಂಗವು ಆ ಯಂತ್ರದೊಳಗೇ ಇರುವುದರಿಂದ ನನ್ನ ಹಳೆಯ ಆಂಪ್ಲಿಫಾಯರೇ ನಡೆಯುತ್ತದೆ. 78ರ ತಟ್ಟೆಗಳಿಗೆ ಅಪ್ಪನ ಪೆಟ್ಟಿಗೆಯೇ ಇರಲಿ. ಅದಕ್ಕೆ ಒಂದು ಹೊಸ ಮುಳ್ಳು, 900 ರೂಪಾಯಿ. ಜೊತೆಗೆ ಆ ನಲವತ್ತು ತಟ್ಟೆಗಳನ್ನೂ ಹೊಸ ಮುಳ್ಳಿನಿಂದ ಒಂದೊಂದು ಸಲ ಹಚ್ಚಿ ಕಂಪ್ಯೂಟರಿಗೆ ಪ್ರತಿ ಮಾಡುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ. ಓಲೆಗರಿಯ ಲಿಪಿಕಾರರ ವಂಶ ಅಳಿಯಲಿಲ್ಲವೆಂದು ನನಗೆ ಸಂತೋಷ. ದಿನಬಳಕೆಗೆ ಪ್ರತಿ; ರವಿವಾರ ಸಂಜೆ ತಾಯಿ ಕೇಳಿದ ತಟ್ಟೆ.

ಸ್ಪೀಕರುಗಳ ಪ್ರಶ್ನೆ ಉಳಿಯಿತು. ಇಲ್ಲಿ ಗೆಳೆಯರ ಚಪ್ಪಾಳೆ ಕೆಲಸಕ್ಕೆ ಬಂತು. ನಮ್ಮದು ಹಳೆಯ ಕಲ್ಲುಗೋಡೆಯ ಮನೆ. ಚಪ್ಪಾಳೆ ತಟ್ಟಿದರೆ ಎದುರುಬದುರು ಗೋಡೆಗಳು ಅದನ್ನು ಚೆಂಡಿನಂತೆ ಒಂದಕ್ಕೊಂದು ಎಸೆದಾಡುತ್ತವೆ. ಹಾಡನ್ನೂ ಹಾಗೆಯೇ ಎಸೆದಾಡುತ್ತವೆ. ಒಂದು ಸ್ವರ ಮುಗಿಯುವ ಮುಂಚೆ ಹಿಂದಿನ ಸ್ವರದ ಮಾರ್ದನಿ ಅದರ ಮೇಲೆ ಬೀಳುತ್ತದೆ. ಹುಬ್ಬಳ್ಳಿಯಲ್ಲಿ ನಾನು ಕೇಳಿದ ಉಸಿರಿನಲ್ಲಿ ಅರ್ಧದಷ್ಟು ಆ ಕೋಣೆಯ ಮೆತ್ತನೆಯ ಗೋಡೆಯದು! "ಮೆತ್ತಗಿನ ದಪ್ಪ ಬಟ್ಟಿ ಏನರ ಗ್ವಾಡಿಗೆ ಹಾಕ್ರಿ" ಎಂದರು ಗೆಳೆಯರು. ಮೆತ್ತಗಿನ ದಪ್ಪ ಬಟ್ಟೆಗೆ ನಮ್ಮ ಕಡೆ ಬರವೇ? ತಾಯಿ ಹೊಲಿದ ಕೌದಿಗಳು ಪೆಟ್ಟಿಗೆಯ ತುಂಬ ಇದ್ದುವು. ದೊಡ್ಡದಾದ ಎರಡನ್ನು ಸ್ಪೀಕರಿನ ಎದುರುಗೋಡೆಗೆ ಗೂಟ ಹೊಡೆದು ತೂಗುಹಾಕಿದೆವು. ಚಪ್ಪಾಳೆ ತಟ್ಟಿದರೆ ಸದ್ದು ಹೋದದ್ದು ಹಿಂದಿರುಗಲಿಲ್ಲ. ಆ ಕೌದಿಗಳಲ್ಲಿ ತಾಯಿಯ ಇಳಕಲ್ಲ ಸೀರೆಗಳಿವೆ, ತಂದೆಯ ಧೋತರಗಳಿವೆ. ಅವರು ಇದ್ದಾಗಲೂ ಹಾಡನ್ನು ಹೀಗೆಯೇ ಮಾತಿಲ್ಲದೆ ಒಳಗೆ ತೆಗೆದುಕೊಳ್ಳುತ್ತಿದ್ದರು. ಖರ್ಚು: ನಾಲ್ಕು ಗೂಟ.

ಇಷ್ಟರಲ್ಲಿ ನನ್ನ ಹೆಂಡತಿ ಒಂದು ಮಾತನ್ನೂ ಆಡಿರಲಿಲ್ಲ. ಸುಮ್ಮನಿರುವ ಹೆಂಡತಿ ಸಮ್ಮತಿಸಿದ್ದಾಳೆಂದು ತಿಳಿಯುವವರು ಹೊಸದಾಗಿ ಲಗ್ನವಾದವರು. ನಾನು ಉಳಿದ ಹಣದ ಲೆಕ್ಕವನ್ನು ಗಟ್ಟಿಯಾಗಿ ಓದಿದಾಗ ಆಕೆ ಕೇಳಿದಳು: "ಅಲ್ರೀ, ತಟ್ಟಿ ಎಲ್ಲಿ ಇಟ್ಟೀರಿ?"

"ಹಿಂದಿನ ಖೋಲ್ಯಾಗ."

"ಆ ಖೋಲಿ ಮಾಳಗಿ ಹೋದ ಮಳಿಗಾಲದಾಗ ಎಲ್ಲಿ ಸೋರಿತ್ತು?"

ತಟ್ಟೆಗಳ ಕಪಾಟಿನಿಂದ ಎರಡು ಮಾರು ಈಚೆಗೆ ಸೋರಿತ್ತು. ನೀರು ಬಿದ್ದರೆ ಎಲ್.ಪಿ.ಗೆ ಏನೂ ಆಗುವುದಿಲ್ಲವೆಂದು ನಾನು ಹೇಳಹೊರಟೆ. ಆದರೆ ತಟ್ಟೆಯ ಹೊದಿಕೆ ಕಾಗದದ್ದು, ನೆನೆದರೆ ಬೂಸಲು ಹಿಡಿಯುತ್ತದೆ, ಬೂಸಲು ಗೆರೆಗಿಳಿಯುತ್ತದೆ. ಎಷ್ಟು ಹಗುರಾದ ಮುಳ್ಳನ್ನು ತಂದರೂ ಬೂಸಲಿನ ಮೇಲೆ ಅದು ಏನು ಮಾಡೀತು? ಮುಳ್ಳಿನ ಭಾರದ ಲೆಕ್ಕವನ್ನು ಗ್ರಾಮಿನಲ್ಲಿ ಹಾಕಿದ ಭೌತಶಾಸ್ತ್ರಜ್ಞರಿಗೂ, ಅರಗನ್ನು ಪಂಪನಲ್ಲಿ ಹುಡುಕಿದ ನನಗೂ ತಲೆಯ ಮೇಲಿನ ಮಾಳಿಗೆ ಕಂಡಿರಲಿಲ್ಲ. ಮಣ್ಣಿನ ಮಾಳಿಗೆಯನ್ನು ತೆಗೆಸಿ ಗಚ್ಚು ಹಾಕಿಸಲು ಗೌಂಡಿ ಹೇಳಿದ್ದು 55,000 ರೂಪಾಯಿ. ಸ್ಟೀರಿಯೋ ಸುಧಾರಣೆಯ ಲೆಕ್ಕದಲ್ಲಿಯೇ ನಾನು ಅದನ್ನು ಬರೆದುಕೊಂಡಿದ್ದೇನೆ. ಹಾಗೆ ಬರೆದರೆ ಒಟ್ಟು ಮೊತ್ತ ಅಂಗಡಿಯವರ ಬಿಲ್ಲಿಗೆ ಹೆಚ್ಚು ಕಡಿಮೆ ಸರಿಹೋಗುವುದು ಒಂದು ಚಮತ್ಕಾರ.

ಮನ್ಸೂರರ ಉಸಿರು ನಮ್ಮ ತಟ್ಟೆಯಲ್ಲಿ ಇನ್ನೂ ಇದೆಯೋ, ಚಪ್ಪಟೆಯಾದ ಮುಳ್ಳು ಅದನ್ನು ಒಯ್ದಿತೋ, ಹೊಸ ಯಂತ್ರ ಬಂದ ಮೇಲೆ ತಿಳಿದೀತು. ಇದ್ದರೆ ಭಾಗ್ಯ. ಇಲ್ಲದಿದ್ದರೆ, ಅದು ಸವೆದದ್ದು ನಮ್ಮ ಮನೆಯ ಸಂಜೆಗಳಲ್ಲಿ, ತಂದೆ ಊಟ ಮುಗಿಸಿ ಅಡಿಕೆ ಕತ್ತರಿಸುತ್ತ ಕೇಳಿದಾಗ, ತಾಯಿ ಕೌದಿ ಹೊಲಿಯುತ್ತ ಕೇಳಿದಾಗ ಎಂದುಕೊಳ್ಳುತ್ತೇನೆ. ಅಷ್ಟು ಉಸಿರನ್ನು ಪಡೆಯುವ ಹಕ್ಕು ಅವರಿಗಿತ್ತು.

ಗೌಂಡಿ ಸೋಮವಾರ ಬರುತ್ತಾನೆ. ಅಲ್ಲಿಯವರೆಗೆ ನೂರಹತ್ತು ತಟ್ಟೆಗಳೂ ಪಡಸಾಲೆಯ ಮಂಚದ ಮೇಲೆ, ಮೂರನೆಯ ಕೌದಿಯ ಕೆಳಗೆ, ಸುಖವಾಗಿ ಇವೆ. ನಾವು ನೆಲದ ಮೇಲೆ ಮಲಗುತ್ತಿದ್ದೇವೆ.